ಬೀರುವಿನ ಬಾಗಿಲ ಹಾಳೆ

ಮಗಳು ತೀರಿಹೋದಳೆಂದು ವೈದ್ಯರು ಹೇಳಿದ ಬೆಳಿಗ್ಗೆ, ತಂದೆ ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನ ಬಾಗಿಲಲ್ಲಿ ದಿಕ್ಕು ತೋಚದೆ ನಿಂತಿದ್ದರು. ಒಳಗೆ ಕಂಪ್ಯೂಟರ್ ಕೈಕೊಟ್ಟಿತ್ತು. ಇಂಜೆಕ್ಷನ್ ಹಿಡಿದಿದ್ದ ಹೊಸ ನರ್ಸ್, "ಅಕ್ಕಾ, ಈ ಮಗುವಿಗೆ ಯಾವ ಔಷಧಿ ಒಗ್ಗಲ್ಲ ಅಂತ ಹೇಗೆ ನೋಡಲಿ?" ಎಂದಳು.

"ಬೀರುವಿನ ಬಾಗಿಲು ನೋಡೇ," ಎಂದರು ಹಿರಿಯ ನರ್ಸ್.

ಅಲ್ಲಿ ಅಂಟಿಸಿದ್ದ ಹಾಳೆಯ ವಿಷಯ ತಂದೆಗೆ ಗೊತ್ತಿತ್ತು. ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆದುಕೊಟ್ಟ ಮಗಳು, ದಿನವೂ ಬೆಳಿಗ್ಗೆ ಆರಕ್ಕೆ ರೋಗಿಗಳ ಪಟ್ಟಿ, ಯಾರಿಗೆ ಯಾವ ಔಷಧಿ ಒಗ್ಗದು ಎಂಬುದರ ಸಮೇತ, ತಾನಾಗಿ ಮುದ್ರಣವಾಗುವಂತೆ ಮಾಡಿದ್ದಳು. ಪುಸ್ತಕಕ್ಕೆ ರಟ್ಟು ಕಟ್ಟುವ ತಂದೆ, ಒಂದು ಹೊಲಿಗೆ ಸೊಟ್ಟಗಾದರೂ ಬಿಚ್ಚಿ ಹೊಲಿಯುವವರು, ಅಂದು ನಕ್ಕಿದ್ದರು: "ಕಂಪ್ಯೂಟರ್ ಕೆಡದ ಹಾಗೆ ಮಾಡೋದು ಬಿಟ್ಟು ಕಾಗದ ಅಂಟಿಸ್ತೀಯಲ್ಲೇ, ಇದೆಂಥ ತೇಪೆ ಕೆಲಸ?"

"ಕೆಡದೇ ಇರೋದನ್ನ ಮಾಡೋಕೆ ಎರಡು ವರ್ಷ ಬೇಕಪ್ಪ. ಅಲ್ಲೀವರೆಗೆ ಕಾಯಿಲೆ ಕಾಯುತ್ತಾ?"

ಹೊಸ ನರ್ಸಿನ ಬೆರಳು ಏಳನೇ ಸಾಲಿನಲ್ಲಿ ನಿಂತಿತು. "ಅಕ್ಕಾ, ಇದೇ ಒಗ್ಗಲ್ಲ ಅಂತಿದೆ," ಎಂದು ಸಿರಿಂಜನ್ನು ಕೆಳಗಿಟ್ಟಳು.

ತಂದೆ ಒಳಗೆ ಬಂದು, ಹಾಳೆಯ ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಹಾಳೆ ತುಸು ಸೊಟ್ಟಗಿತ್ತು. ಅದನ್ನು ಹಾಗೆಯೇ ಬಿಟ್ಟರು. "ಇದು ನನ್ನ ಮಗಳ ಕೆಲಸ ಕಣಮ್ಮ," ಎಂದು ತಲೆಯೆತ್ತಿ ಹೇಳಿದರು. ಆಮೇಲೆ ಕೈಮುಗಿದು, "ದೇವರೇ, ತುಂಬ ದುಡಿದಿದ್ದಾಳೆ. ನಿನ್ನ ಹತ್ತಿರ ನೆಮ್ಮದಿಯಾಗಿ ಇರಲಿ," ಎಂದರು.