ತೊಟ್ಟಿಲು, ಭಾಗ ಎರಡು

ತೊಟ್ಟಿಲು ತಾನೇ ತಾನಾಗಿ ತೂಗುತ್ತಿತ್ತು, ಒಳಗೆ ಮಗುವಿರಲಿಲ್ಲ. ಯಂಕಮ್ಮ ಬಂಗಲೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮಗಳು ರೇಣುಕಾ ಶಂಶಾಬಾದಿನ ಆಸ್ಪತ್ರೆಯಲ್ಲಿ ಬೆಳಗಿನಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ತನ್ನ ಗಂಡ ಹುಸೇನಪ್ಪನನ್ನು ಅಲ್ಲಿ ಕೂರಿಸಿ, ಹುಟ್ಟುವ ಕೂಸಿಗೆ ಹಳೇ ಸೀರೆ ಒಯ್ಯಲೆಂದು ಇವಳು ಓಡಿ ಬಂದಿದ್ದಳು. ತೂಗುತ್ತಿದ್ದದ್ದು ಬೇರೆ ಯಾರದೋ ತೊಟ್ಟಿಲಲ್ಲ, ಆ ಕೂಸಿಗೆಂದೇ ಊರಿನಿಂದ ತರಿಸಿ ತಾವಿರುವ ಶೆಡ್ಡಿನಲ್ಲಿ ಇಟ್ಟದ್ದು.

ವಿಮಾನ ನಿಲ್ದಾಣ ಬರುತ್ತದೆಂಬ ಆಸೆಗೆ ಕಟ್ಟಿ, ಮಾರಾಟವಾಗದೆ ಉಳಿದ ಆ ಬಂಗಲೆಗೆ ಯಂಕಮ್ಮ ಕಾವಲು. ಭಾನುವಾರಗಳಂದು ಅಲ್ಲಿ ದೆವ್ವದ ಸಿನಿಮಾದ ಚಿತ್ರೀಕರಣ ನಡೆಯುತ್ತಿತ್ತು. ವಾರವಿಡೀ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ರವಿಕಿರಣ ನಿರ್ದೇಶಕ. ಅವನ ಸಿನಿಮಾದ ಮೊದಲ ಭಾಗದಲ್ಲಿ ಶಾಪ ಕನ್ನಡಿಗಿತ್ತು, ನೋಡಿದವರು ಬಿದ್ದು ಬಿದ್ದು ನಕ್ಕಿದ್ದರು. ಎರಡನೇ ಭಾಗದಲ್ಲಿ ಶಾಪ ತೊಟ್ಟಿಲಿಗೆ, ಈ ಸಲ ಯಾರೂ ನಗಬಾರದೆಂಬ ಹಟ. ಬಾಡಿಗೆಗೆ ತಂದ ತೊಟ್ಟಿಲಿನ ಸರಪಳಿ ಹರಿದದ್ದರಿಂದ, ಶೆಡ್ಡಿನಲ್ಲಿದ್ದದ್ದನ್ನು ಹೇಳದೆ ಕೇಳದೆ ತಂದು ನೇತುಹಾಕಿ, ಮರೆಯಿಂದ ದಾರ ಎಳೆಯುತ್ತಿದ್ದರು.

“ನಿಲ್ಸ್ರಿ ಸಾರ್,” ಎಂದಳು ಯಂಕಮ್ಮ. “ಖಾಲಿ ತೊಟ್ಲ ತೂಗಬಾರದ್ರಿ. ನಮ್ಮ ರೇಣುಕಾ ಬ್ಯಾನಿ ತಿನ್ನಾಕತ್ತಾಳ. ಕೂಸಿಗೆ ಕೇಡ ಆಗ್ತೈತ್ರಿ.”

ರವಿಕಿರಣ ಕೆಟ್ಟವನಲ್ಲ. ಧಾರವಾಡದ ಕಡೆಯ ಅವನ ತಾಯಿಯೂ ಇದನ್ನೇ ಹೇಳುತ್ತಿದ್ದಳು. ಬೇಕಾದರೆ ಒಳಗೆ ಏನಾದರೂ ಇಡು, ತೂಗುವುದನ್ನು ಮಾತ್ರ ನಿಲ್ಲಿಸಲಾಗದು ಎಂದ. ಯಂಕಮ್ಮನಿಗೆ ಹೋದ ಜೀವ ಬಂದಂತಾಯಿತು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದುಂಟಲ್ಲ. ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ಕೂಸಿಗೆಂದು ತೆಗೆದ ಸೀರೆಯಲ್ಲೇ ಸುತ್ತಿ ಮಲಗಿಸಿದಳು. ಗಂಡು ಹುಟ್ಟಿದರೆ ಇಡಬೇಕೆಂದುಕೊಂಡಿದ್ದ ಹೆಸರನ್ನು ಬಾಗಿ ಮೆಲ್ಲಗೆ ಕರೆದಳು: “ಮಲಕ್ಕೋ ಹಂಪಯ್ಯ.” ತೊಟ್ಟಿಲು ಈಗ ಖಾಲಿಯಿರಲಿಲ್ಲ.

ಕ್ಯಾಮೆರಾದಲ್ಲಿ ಇಣುಕಿದ ರವಿಕಿರಣನ ಮುಖ ಅರಳಿತು. ಗಂಟು ಥೇಟ್ ಮಗುವಿನಂತೆಯೇ ಕಾಣುತ್ತಿತ್ತು. ನಿಂತ ಕಾಲಲ್ಲೇ ದೃಶ್ಯ ಬದಲಾಯಿಸಿದ. ದೆವ್ವ ಹಿಡಿದ ತಾಯಿ ಕೂಸನ್ನೆತ್ತಿಕೊಂಡು ಮಹಡಿಗೆ ಹೋಗಿ, ಅಲ್ಲಿಂದ ಕೆಳಗಿನ ನೆಲಕ್ಕೆ ಒಗೆಯಬೇಕು. ತಾಯಿಯ ಪಾತ್ರ ನಿರೀಕ್ಷಾಳದು. ಮುಖಕ್ಕೆ ದಪ್ಪಗೆ ಬಿಳಿ ಬಳಿದುಕೊಂಡಿದ್ದ ಆ ಹುಡುಗಿ ಗಂಟನ್ನೆತ್ತಿ ಮೆಟ್ಟಿಲ ಕಡೆ ನಡೆದಳು. ಯಂಕಮ್ಮ ಓಡಿಬಂದು ಅಡ್ಡ ನಿಂತಳು.

“ಅದು ಕಲ್ಲು, ಯಂಕಮ್ಮ,” ಎಂದ ರವಿಕಿರಣ.

“ಹೆಸರಿಟ್ಟೀನ್ರಿ ಸಾರ್.”

ಹಿಂದೆ ಯಾರೋ ಕಿಸಕ್ಕೆಂದರು. ನಿರೀಕ್ಷಾ ನಗಲಿಲ್ಲ, ಹಿಡಿತ ಸಡಿಲಿಸಿದಳು. ಯಂಕಮ್ಮ ಗಂಟನ್ನು ಕಿತ್ತುಕೊಂಡು ಗೇಟು ದಾಟಿ ಓಡಿದಳು. ಖಾಲಿಯಾದ ತೊಟ್ಟಿಲು ಇನ್ನೂ ತೂಗುತ್ತಿದೆಯೋ ಏನೋ, ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಆಸ್ಪತ್ರೆಯ ದಾರಿಯಲ್ಲಿ ಸುಡುಬಿಸಿಲು. ಎರಡೂ ಕೈಯಲ್ಲಿ ಅವಚಿಕೊಂಡಿದ್ದರೂ ಕಲ್ಲು ಬೆವರಿಗೆ ಜಾರುತ್ತಿತ್ತು. ಆಗ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಹೊಡೆದುಕೊಂಡಿತು. ಹುಸೇನಪ್ಪನೇ ಇರಬೇಕು, ಆ ನಂಬರಿಗೆ ಮಾಡುವವರು ಬೇರೆ ಯಾರೂ ಇಲ್ಲ. ಎತ್ತಬೇಕೆಂದರೆ ಒಂದು ಕೈ ಬಿಡಬೇಕು, ಬಿಟ್ಟರೆ ಕಲ್ಲು ಬೀಳುತ್ತದೆ. ಕೆಳಗಿಡೋಣವೆಂದರೆ ಡಾಂಬರು ಕಾದ ಹಂಚಾಗಿತ್ತು. ಹಂಪಯ್ಯನನ್ನು ಅದರ ಮೇಲೆ ಮಲಗಿಸುವುದು ಹೇಗೆ?

ಫೋನು ನಿಂತು, ಮತ್ತೆ ಹೊಡೆದುಕೊಳ್ಳತೊಡಗಿತು. ಯಂಕಮ್ಮ ನಡುರಸ್ತೆಯಲ್ಲೇ ನಿಂತು, ಎರಡೂ ತೋಳುಗಳಲ್ಲಿ ಕಲ್ಲನ್ನು ಮೆಲ್ಲಗೆ ತೂಗತೊಡಗಿದಳು.