ಕೈತಪ್ಪು

‘ಕೈತಪ್ಪಿನಿಂದ ಆಯಿತು ಅಂದುಬಿಟ್ಟರೆ ಮುಗಿಯಿತು. ಅಷ್ಟು ಹೇಳುವುದಕ್ಕೂ ದನಿ ಏಳುತ್ತದೋ ಇಲ್ಲವೋ, ಅದೇ ಭಯ.’ ಬೆಳಿಗ್ಗೆ ಡೈರಿಯಲ್ಲಿ ಇಷ್ಟು ಬರೆದು, ಕೆಳಗೆ ಎರಡು ಗೆರೆ ಎಳೆದು, ಅವಳು ಕ್ರೀಡಾ ಕ್ಲಬ್ಬಿನ ಮೀಟಿಂಗಿಗೆ ಬಂದಿದ್ದಳು. ಪದವಿ ಮುಗಿಸಿ, ಹೋದ ಸಂದರ್ಶನಗಳಲ್ಲೆಲ್ಲ ಬಾಯಿ ಕಟ್ಟಿ ವಾಪಸಾದವಳಿಗೆ ಇಲ್ಲಿ ಕೆಲಸ ಸಿಕ್ಕಿದ್ದು ಅಕ್ಷರ ಮುತ್ತಿನಂತಿದೆ ಎಂಬ ಒಂದೇ ಕಾರಣಕ್ಕೆ. ಕಮಿಟಿಯವರು ಮಾತಾಡುತ್ತಾರೆ, ಇವಳು ನಡಾವಳಿ ಬರೆಯುತ್ತಾಳೆ. ಮುಂದಿನ ತಿಂಗಳು ಅದನ್ನು ಎಲ್ಲರೆದುರು ಓದಿ ಸಹಿ ಹಾಕಿಸುತ್ತಾಳೆ. ಇವತ್ತು ಓದುವ ದಿನ.

“ವಾಲ್ಯೂಮ್ ಕೊಡಮ್ಮ, ವಾಲ್ಯೂಮ್,” ಎಂದರು ಖಜಾಂಚಿ, ಅವಳು ಪುಸ್ತಕ ತೆರೆಯುವ ಮೊದಲೇ. ಪ್ರತಿ ತಿಂಗಳ ಜೋಕು ಅದು. ಅವಳು ಓದಿದಳು: ಮೈದಾನಕ್ಕೆ ನೀರು, ಗೋಲಿಗೆ ಹೊಸ ಬಲೆ, ಸೋರುವ ನಲ್ಲಿ. ನಾಲ್ಕನೆಯದಕ್ಕೆ ಬಂದಾಗ ದನಿ ಇನ್ನೂ ಒಂದು ಮೆಟ್ಟಿಲು ಇಳಿಯಿತು. ‘ನಡಿಗೆ ಸ್ಪರ್ಧೆಯ ಕ್ರೀಡಾಪಟುವಿಗೆ ಕೊಡುತ್ತಿರುವ ಸಂಬಳವನ್ನು ಮುಂದುವರಿಸುವುದು.’

“ಸಂಬಳ ಅಂದ್ಯಾ?” ಖಜಾಂಚಿಯ ಪೆನ್ನು ನಿಂತಿತು. “ಗೌರವಧನ ಅಲ್ವೇನಮ್ಮ ಅದು?”

ಆ ಕ್ಲಬ್ಬಿನಲ್ಲಿ ಫುಟ್‌ಬಾಲಿನವರಿಗೆ ಸಂಬಳ. ಹನ್ನೊಂದು ವರ್ಷದಿಂದ ಅದೇ ಕ್ಲಬ್ಬಿನ ಅಂಗಿ ತೊಟ್ಟು ನಡಿಗೆ ಸ್ಪರ್ಧೆಗಳಿಗೆ ಹೋಗುತ್ತಿರುವ ಹೆಂಗಸಿಗೆ ಗೌರವಧನ. ಎರಡರ ನಡುವೆ ಆನೆಗೂ ಆಡಿಗೂ ಇರುವ ಅಂತರ; ಅದಕ್ಕೆ ಆ ಹೆಂಗಸೇನೂ ಕೊರಗಿದವಳಲ್ಲ. ಆದರೆ ಸಂಬಳದವರು ಗಾಯ ಮಾಡಿಕೊಂಡರೆ ಚಿಕಿತ್ಸೆ ಕ್ಲಬ್ಬಿನದು, ವಾಸಿಯಾಗುವ ತನಕ ಸಂಬಳವೂ ಬರುತ್ತದೆ. ಗೌರವಧನದವರ ಗಾಯ ಅವರವರ ಹಣೆಬರಹ. ಈಗ ನಡಿಗೆಯವಳ ಮಂಡಿಗೆ ಆಪರೇಷನ್ ಆಗಬೇಕಿತ್ತು. ಆಗದಿದ್ದರೆ ಅವಳ ಆಟ ಈ ವರ್ಷಕ್ಕೇ ಮುಗಿದ ಹಾಗೆ.

ಹೋದ ತಿಂಗಳು ಮೀಟಿಂಗಿನ ದಿನ ನಡಿಗೆಯವಳು ಕಂಬಿ ಹಿಡಿದುಕೊಂಡು ಮಹಡಿ ಹತ್ತಿ ಬಂದು ರಸೀದಿಗೆ ಸಹಿ ಹಾಕಿದ್ದಳು. ಗೌರವ ಮೆಟ್ಟಿಲಲ್ಲೇ ಉಳೀತು ಕಣೆ, ಧನ ಬಸ್ಸಿಗೆ ಹೋಯ್ತು ಎಂದು ತಾನೇ ನಕ್ಕಿದ್ದಳು. ಬಾತುಕೋಳಿ ಅಂತ ಮಕ್ಕಳು ಹಿಂದೆ ಹಿಂದೆ ಅಣಕಿಸುತ್ತಾ ಬರುವುದನ್ನೂ ನಗುತ್ತಲೇ ಹೇಳಿದ್ದಳು. ಆಮೇಲೆ, ಕೇಳದೆಯೇ, ತನ್ನ ಆಟದ ನಿಯಮ ಹೇಳಿಕೊಟ್ಟಿದ್ದಳು. “ಎಷ್ಟೇ ಬೇಗ ಹೋಗು, ಒಂದು ಕಾಲು ನೆಲದ ಮೇಲೇ ಇರ್ಬೇಕು. ಎರಡೂ ಎದ್ದವೋ, ಓಡಿದ ಹಾಗೆ. ಮೋಸ ಅಂತ ಆಚೆ ಕಳಿಸ್ತಾರೆ.”

ಅವತ್ತಿನ ಮೀಟಿಂಗಿನಲ್ಲಿ ಖಜಾಂಚಿ ಹೇಳಿದ್ದು ನಡಿಗೆಯವಳಿಗೆ ಕೊಡೋದನ್ನ ಹಾಗೇ ಮುಂದುವರಿಸಿ ಎಂದಷ್ಟೇ. ಕೊಡುವುದು ಏನನ್ನು ಎಂದು ಯಾರ ಬಾಯಲ್ಲೂ ಬರಲಿಲ್ಲ. ಆ ಒಂದು ಪದವನ್ನು ತುಂಬುವ ಕೆಲಸ ಇವಳ ಪಾಲಿಗೆ ಬಿದ್ದಿತ್ತು. ಇವಳು ತುಂಬಿದ್ದಳು.

ಖಜಾಂಚಿ ಕೆಟ್ಟವರಲ್ಲ. ಫುಟ್‌ಬಾಲಿಗೆ ಜನ ಟಿಕೆಟ್ ಕೊಂಡು ಬರುತ್ತಾರೆ, ಈ ಕಟ್ಟಡದ ದೀಪ ಉರಿಯುವುದೇ ಆ ಹಣದಲ್ಲಿ, ನಡಿಗೆ ನೋಡಲು ಒಂದು ನರಪಿಳ್ಳೆಯೂ ಬರುವುದಿಲ್ಲ ಎಂದು ಈಗ ಸಮಾಧಾನವಾಗಿಯೇ ವಿವರಿಸಿದರು. ಕೊನೆಗೆ, “ನಡೆಯೋಕೂ ಸಂಬಳ ಅಂದ್ರೆ ನಂಗೂ ಕೊಡಿ, ದಿನಾ ಹಾಲು ತರೋಕೆ ನಡೀತೀನಿ,” ಎಂದರು. ಮೇಜಿನ ಸುತ್ತ ನಗೆ ಎದ್ದಿತು. ಅಭ್ಯಾಸಬಲದಿಂದ ಅವಳೂ ನಕ್ಕಳು. ನಕ್ಕಿದ್ದು ತಿಳಿದು ಕಿವಿ ಬಿಸಿಯಾಯಿತು.

ವಯಸ್ಸಾದ ಅಧ್ಯಕ್ಷರು ನಗಲಿಲ್ಲ. ಕನ್ನಡಕ ಒರೆಸುತ್ತಾ ಕೇಳಿದರು: “ಹೋದ ವರ್ಷ ನಮ್ಮ ಗೋಲು ಹೊಡೆಯೋ ಹುಡುಗ ಪ್ಲಾಸ್ಟರು, ಊರುಗೋಲು ಅಂತ ನಾಲ್ಕು ತಿಂಗಳು ಮನೇಲಿದ್ದ. ಪ್ಲಾಸ್ಟರ್ ನೋಡೋಕೆ ಯಾರಾದ್ರೂ ಟಿಕೆಟ್ ತಗೊಂಡ್ರಾ?”

“ಅವನದು ಸಂಬಳ ಸರ್,” ಎಂದರು ಖಜಾಂಚಿ. “ಇವರದು ಗೌರವಧನ.”

“ಅದೇ ನೋಡಿ. ಎಲ್ಲಾ ಆ ಪದದಲ್ಲೇ ಇದೆ.” ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಅವಳತ್ತ ತಿರುಗಿದರು. ಕೈತಪ್ಪಾಗಿದ್ದರೆ ಇಲ್ಲೇ ಹೊಡೆದುಹಾಕಿ ತಿದ್ದಬಹುದು, ಕೈತಪ್ಪಲ್ಲದಿದ್ದರೆ ವಿಷಯವನ್ನು ಇವತ್ತೇ ಚರ್ಚೆಗೆ ತೆಗೆದುಕೊಳ್ಳಲೇಬೇಕು, ನಿಯಮ ಹಾಗಿದೆ ಎಂದರು. “ಹೇಳಮ್ಮ. ಯಾವುದು?”

ಖಜಾಂಚಿ ಆಗಲೇ ಕೆಂಪು ಪೆನ್ನು ಅವಳ ಮುಂದೆ ಸರಿಸಿದ್ದರು, ಪಾಪ, ಅವಳಿಗೆ ಸಹಾಯವಾಗಲಿ ಎಂದೇ. ಕಿಟಕಿಯಾಚೆ, ಖಾಲಿ ಮೈದಾನದ ಅಂಚಿನಲ್ಲಿ, ಮಂಡಿಗೆ ಪಟ್ಟಿ ಬಿಗಿದುಕೊಂಡ ನಡಿಗೆಯವಳು ಸೊಂಟ ತಿರುಗಿಸುತ್ತಾ ಸುತ್ತು ಹಾಕುತ್ತಿದ್ದಳು. ನೋಡುವವರು ಯಾರೂ ಇರಲಿಲ್ಲ. ಆದರೂ ಒಂದು ಕಾಲು ನೆಲ ಮುಟ್ಟುವ ತನಕ ಇನ್ನೊಂದು ಏಳುತ್ತಿರಲಿಲ್ಲ.

ಇವಳು ಎದ್ದು ನಿಂತಳು. ಓದುವಾಗಲೂ ಕೂತೇ ಓದುತ್ತಿದ್ದವಳು.

“ಕೈತಪ್ಪಲ್ಲ ಸರ್,” ಎಂದಳು, ಯಾರೂ ವಾಲ್ಯೂಮ್ ಕೇಳಬೇಕಾಗದಷ್ಟು ಗಟ್ಟಿಯಾಗಿ. “ಬೇಕಂತಲೇ ಬರೆದೆ. ಅವರು ಮಾಡೋದು ಕೆಲಸ.”