ತೊಳೆದ ನಾಣ್ಯ

ಹಸಿರು ಕೋಟಿನ ಹೆಂಗಸು ಬಾಗಿಲಲ್ಲಿ ಕಂಡದ್ದೇ ತಡ, ಆಲ್ಡನ್ ಕ್ರೌಸ್ ಗಾಜಿನ ಪೆಟ್ಟಿಗೆಯೊಳಗಿನ ಬೆಲೆಚೀಟಿ ತೆಗೆದು, ಅದಕ್ಕಿಂತ ದೊಡ್ಡ ಮೊತ್ತದ ಚೀಟಿ ಇಟ್ಟ.

"ಮತ್ತೆ ಏರಿಸಿದ್ಯಾ?" ಪಕ್ಕದ ಮೇಜಿನ ವೆಂಡೆಲ್ ಕಣ್ಣು ಮಿಟುಕಿಸಿದ. "ಆ ಬೆಳ್ಳಿ ಹುಡುಗೀನ ಮದ್ವೆ ಆಗ್ಬಿಡು ಮಾರಾಯ. ಮಾರೋ ನಾಟಕ ಯಾಕೆ?"

ಡೇಟನ್ನಿನ ನಾಣ್ಯ ಮೇಳದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದ ಮಾತದು. ಆಲ್ಡನ್‌ಗೆ ಪೆಟ್ಟಿಗೆಯೊಳಗಿನ ಆ ಬೆಳ್ಳಿ ಡಾಲರ್ ನಾಣ್ಯದ ಮೇಲೆ ಮೋಹ. 1872ರಲ್ಲಿ ಕಾರ್ಸನ್ ಸಿಟಿಯ ಟಂಕಸಾಲೆಯಲ್ಲಿ ಅಚ್ಚಾದದ್ದು. ಯಾರ ಜೇಬನ್ನೂ ಕಾಣದೆ ಉಳಿದದ್ದು. ಕೊಂಚ ಓರೆ ಮಾಡಿದರೆ ಸಾಕು, ಬೆಳಕು ಬಂಡಿಚಕ್ರದಂತೆ ಗಿರ್ರನೆ ಸುತ್ತುತ್ತಿತ್ತು. ಅಂಚಿನಲ್ಲಿ ನವಿಲುಗರಿಯ ನೀಲಿ. ಏಳು ಸಮುದ್ರದಾಚೆ ಮಲಗಿದ್ದ ರಾಜಕುಮಾರಿ ಈಗಷ್ಟೇ ಕಣ್ಣು ಬಿಟ್ಟಂತೆ.

ಹಸಿರು ಕೋಟಿನವಳು ಲೆನೋರ್ ಪ್ರೂಯಿಟ್, ಮಕ್ಕಳಿಗೆ ಪಿಯಾನೋ ಕಲಿಸುವ ವಿಧವೆ. ಪ್ರತಿ ವಸಂತದಲ್ಲೂ ಬರುವಳು. ಡಾಲರು ಆಲ್ಡನ್‌ನ ಕೈಸೇರಿದ ಕಥೆಯನ್ನು ಮತ್ತೆ ಕೇಳಿ, ಹೋದ ವರ್ಷ ನಕ್ಕ ಕಡೆಯೇ ನಗುವಳು. ಬೆಲೆ ಓದಿ, ನಿಟ್ಟುಸಿರಿಟ್ಟು ಹೋಗುವಳು.

ಈ ಸಲ ನಿಟ್ಟುಸಿರಿಡಲಿಲ್ಲ. ಚೆಕ್ ಬರೆದು ಗಾಜಿನ ಮೇಲಿಟ್ಟಳು. "ಕಟ್ಟಿಕೊಡಿ."

ಆಲ್ಡನ್ ಚೆಕ್ಕನ್ನು ಅವಳತ್ತಲೇ ತಳ್ಳಿದ.

"ಅದು... ತೊಳೆದದ್ದು," ಎಂದ.

ವೆಂಡೆಲ್‌ನ ಬಾಯಿಂದ ಬಿಸ್ಕತ್ತು ಜಾರಿತು. ತೊಳೆದರೆ ಹಳೆಯ ನಾಣ್ಯದ ಬೆಲೆಯೇ ಬಿದ್ದುಹೋಗುತ್ತದೆ; ಈ ಕಸುಬಿನಲ್ಲಿ ಅದಕ್ಕಿಂತ ಹೊಲಸು ಬೈಗುಳವಿಲ್ಲ. ಉಜ್ಜಿ ತೊಳೆದ ಹಳೆಯ ಬೆಳ್ಳಿಯನ್ನೂ ಯಾರೂ ಮುಟ್ಟದ ಬೆಳ್ಳಿ ಎಂದು ಆಣೆಯಿಡುವ ವ್ಯಾಪಾರಿಗಳುಂಟು. ಇವನು ತನ್ನ ರಾಜಕುಮಾರಿಯ ಮಾನವನ್ನು ತಾನೇ ಹರಾಜಿಗಿಟ್ಟಿದ್ದ. ಅಷ್ಟಕ್ಕೇ ನಿಲ್ಲಲಿಲ್ಲ. ನಾಣ್ಯದ ಮೇಲೆ ಕೂತ ದೇವಿಯ ಮೊಣಕಾಲು ಸವೆದಿದೆಯೆಂದ, ಅಂಚು ನೆಗ್ಗಿದೆಯೆಂದ, ಒಟ್ಟಿನಲ್ಲಿ ನಕಲಿಯೇ ಇರಬಹುದೆಂದ. ಒಂದೊಂದು ಸುಳ್ಳಿಗೂ ಕಿವಿ ಇನ್ನಷ್ಟು ಕೆಂಪಾಯಿತು.

ಲೆನೋರ್ ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಉಸಿರು ತಾಗದಂತೆ ತುಟಿ ಬಿಗಿದು, ಭೂತಗನ್ನಡಿಯಲ್ಲಿ ನೋಡಿದಳು. ಮೆತ್ತಗೆ ಕೆಳಗಿಟ್ಟಳು.

"ಇದನ್ನ ಯಾರೂ ತೊಳೆದಿಲ್ಲ. ಅದು ನಿಮಗೂ ಗೊತ್ತು. ನಮ್ಮಪ್ಪ ಬಿಟ್ಟುಹೋದ ಡಬ್ಬೀಲಿ ಇದೇ ವರ್ಷದ್ದು, ಇದೇ ಟಂಕಸಾಲೆಯದ್ದು ಇನ್ನೊಂದಿದೆ. ಇದಕ್ಕಿಂತ ಚೆನ್ನಾಗಿದೆ."

ವೆಂಡೆಲ್ ಎದೆ ಹಿಡಿದುಕೊಂಡ. ಅದನ್ನೊಮ್ಮೆ ನೋಡಲು ಆ ಸಾಲಿನ ಬೇರೆ ಯಾವ ವ್ಯಾಪಾರಿಯಾಗಿದ್ದರೂ ಅವಳ ಕೋಟಿನ ತುದಿ ಹಿಡಿದು ಬೇಡುತ್ತಿದ್ದ. ಆಲ್ಡನ್ ಮಾತ್ರ ಆ ಡಬ್ಬಿಯ ಸುದ್ದಿಯನ್ನೇ ಎತ್ತಲಿಲ್ಲ.

"ಹಾಗಾದ್ರೆ ಇದನ್ನ ಒಯ್ಯೋದಿಲ್ಲ ತಾನೆ?" ಅವನ ಮುಖ ಅರಳಿತು. "ಮುಂದಿನ ವರ್ಷಾನೂ ಬರ್ತೀರಿ ತಾನೆ?"

ಲೆನೋರ್ ಚೆಕ್ಕನ್ನು ನಿಧಾನವಾಗಿ ಹರಿದಳು.

"ಇಲ್ಲ. ನಿಮ್ಮನ್ನ ನಿಂತುಕೊಂಡೇ ನೋಡಿ ನೋಡಿ ಕಾಲು ಸೋತಿದೆ. ಮೇಜಿನ ಆ ಕಡೆ, ನಿಮ್ಮ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ."